ನೆಲಕ್ಕೆ ಸಂದ ಹಣ

ಅಮೆರಿಕ ದೇಶಕ್ಕೆ ಹೋಗಿಬಂದ ನಮ್ಮವರಲ್ಲಿ ನಯಾಗರದ ಭೋರ್ಗರೆತವನ್ನೂ ನ್ಯೂಯಾರ್ಕಿನ ಗಗನಚುಂಬಿ ಸೌಧಗಳನ್ನೂ ವರ್ಣಿಸಬಲ್ಲವರು ಊರಿಗೆ ಹತ್ತು ಮಂದಿ ಸಿಕ್ಕಾರು. ಆದರೆ ಆ ದೇಶದ ಕಣಜವನ್ನು ತುಂಬುವ ನೆಲವನ್ನು ಕಣ್ಣಾರೆ ಕಂಡು, ಅದನ್ನು ಉಳುವವನೊಡನೆ ಕುಳಿತು ನಾಲ್ಕು ಮಾತನಾಡಿ ಬಂದೆವೆನ್ನುವವರು ತೀರ ವಿರಳ. ಮಿಸಿಸಿಪ್ಪಿ ಮತ್ತು ಮಿಸೌರಿ ಎಂಬ ಎರಡು ಮಹಾನದಿಗಳ ನಡುವೆ ಹರಡಿರುವ ಐಯೋವಾ ಸಂಸ್ಥಾನಕ್ಕೆ ಪ್ರವಾಸಿಗಳು ಬರುವುದೆಂದರೆ ಪೂರ್ವದಿಂದ ಪಶ್ಚಿಮಕ್ಕೆ ಹೋಗುವಾಗ ದಾಟಿಹೋಗುವುದಕ್ಕಾಗಿ ಮಾತ್ರ. ಡೆ ಮೊಯಿನ್ ನಗರದ ವಿಮಾ ಸಂಸ್ಥೆಯೊಂದರಲ್ಲಿ ಉದ್ಯೋಗದಲ್ಲಿರುವ ನನ್ನ ತಮ್ಮನ ಮಗನ ಮನೆಯಲ್ಲಿ 2024ರ ಶರತ್ಕಾಲವನ್ನು ಕಳೆಯುತ್ತಿದ್ದಾಗ, ಹಳ್ಳಿಯ ಕಡೆ ಹೋಗಿಬರೋಣವೆಂದು ನಾನು ಕೇಳಿದೆನು. “ಅಲ್ಲಿ ನೋಡೋಕೆ ಏನೂ ಇಲ್ಲ ದೊಡ್ಡಪ್ಪ, ಬರೀ ಮೆಕ್ಕೆಜೋಳ” ಎಂದು ಅವನು ನಕ್ಕನು. ಜೋಳವನ್ನೇ ನೋಡಬೇಕೆಂದು ನಾನು ಹಟ ಹಿಡಿದೆನು. ಅವನ ಸಹೋದ್ಯೋಗಿಯೊಬ್ಬನ ತಂದೆ ಅಡೇರ್ ಕೌಂಟಿಯಲ್ಲಿ ಬೇಸಾಯಗಾರರಾಗಿದ್ದುದು ನನ್ನ ಹಟಕ್ಕೆ ಒದಗಿಬಂದ ಅನುಕೂಲ.

ನಗರದಿಂದ ನೈಋತ್ಯಕ್ಕೆ ಅರವತ್ತು ಮೈಲಿಯ ದಾರಿ. ಹೆದ್ದಾರಿಯನ್ನು ಬಿಟ್ಟು, ಮುಚ್ಚುಚಾವಣಿಯ ಮರದ ಸೇತುವೆಗಳಿಗೆ ಹೆಸರಾದ ಮ್ಯಾಡಿಸನ್ ಕೌಂಟಿಯ ವಿಂಟರ್‌ಸೆಟ್ ಪಟ್ಟಣದ ಮೂಲಕ 92ನೆಯ ನಂಬರಿನ ರಸ್ತೆಯಲ್ಲಿ ನಾವು ಪಶ್ಚಿಮಾಭಿಮುಖವಾಗಿ ಸಾಗಿದೆವು. ಆ ನೆಲದ ರಚನೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳದೆ ಅಲ್ಲಿಯ ಬಾಳು ಅರ್ಥವಾಗದು. ಹತ್ತೊಂಬತ್ತನೆಯ ಶತಮಾನದ ಸರ್ವೆಯವರು ಈ ಸೀಮೆಯನ್ನೆಲ್ಲ ಮೈಲಿಗೊಂದು ಗೆರೆಯಂತೆ ಚೌಕ ಚೌಕವಾಗಿ ಎಳೆದುಬಿಟ್ಟರು. ಒಂದು ಚದರ ಮೈಲಿಗೆ 640 ಎಕರೆ, ಅದರ ಕಾಲುಭಾಗ 160 ಎಕರೆ. ಒಂದು ಸಂಸಾರವು ಕುದುರೆಗಳನ್ನು ಕಟ್ಟಿಕೊಂಡು ಉತ್ತು ಬಿತ್ತಿ ಬಾಳುವುದಕ್ಕೆ ಅಷ್ಟು ಸಾಕೆಂಬುದು ಅಂದಿನವರ ಎಣಿಕೆ. ಆ ಚೌಕಗಳು ಇಂದಿಗೂ ಹಾಗೆಯೇ ಇವೆ, ಅವುಗಳ ಅಂಚಿನ ಜಲ್ಲಿರಸ್ತೆಗಳೂ ಹಾಗೆಯೇ ಇವೆ. ಇಲ್ಲದಿರುವುದು ಸಂಸಾರ. ಮೈಲಿ ಮೈಲಿಗೂ ಗಾಳಿಗೆ ತಡೆಯಾಗಿ ನೆಟ್ಟ ಮರಗಳ ಸಾಲೊಂದು ಕಾಣುತ್ತದೆ. ಹತ್ತಿರ ಹೋದರೆ, ಆ ಮರಗಳು ಯಾವ ಮನೆಯನ್ನು ಕಾಯಬೇಕಾಗಿತ್ತೋ ಆ ಮನೆಯ ಅಸ್ತಿಭಾರವೂ ಇಲ್ಲದೆ, ಜೋಳದ ಸಾಲು ಮರಗಳ ಬುಡದವರೆಗೂ ಬಂದು ನಿಂತಿರುತ್ತದೆ.

ಕೌಂಟಿಯ ಮುಖ್ಯ ಪಟ್ಟಣ ಗ್ರೀನ್‌ಫೀಲ್ಡ್. ನಡುವೆ ಚೌಕ, ಚೌಕದ ನಡುವೆ ಹತ್ತೊಂಬತ್ತನೆಯ ಶತಮಾನದ ಇಟ್ಟಿಗೆಯ ನ್ಯಾಯಾಲಯ, ಸುತ್ತಲೂ ಹಳೆಯ ಅಂಗಡಿಸಾಲು. ಆ ವರ್ಷದ ಮೇ 21ರಂದು ಭೀಕರ ಸುಂಟರಗಾಳಿಯೊಂದು ಊರಿನ ಒಂದು ಪಾರ್ಶ್ವವನ್ನು ನೆಲಸಮ ಮಾಡಿ, ಪ್ರಾಣಹಾನಿಯನ್ನೂ ಉಂಟುಮಾಡಿ, ಸಮೀಪದ ಹೊಲಗಳಲ್ಲಿದ್ದ ದೈತ್ಯಾಕಾರದ ಗಾಳಿಯಂತ್ರಗಳನ್ನೂ ಮುರಿದು ಕೆಡವಿತ್ತು. ನಾವು ಹೋದಾಗ ಬೀದಿಯ ಬೀದಿಯೇ ಹೊಸ ಹಲಗೆಗಳ ವಾಸನೆಯಿಂದ ತುಂಬಿದ್ದಿತು. ಗಾಳಿ ಒಂದು ನಿಮಿಷದಲ್ಲಿ ಮಾಡಿದ್ದನ್ನು ಊರಿನವರು ಕೂಡಿ ಕಟ್ಟುತ್ತಿದ್ದರು. ಆದರೆ ಗಾಳಿಗಿಂತ ನಿಧಾನವಾದ ಮತ್ತೊಂದು ಶಕ್ತಿ ನೂರು ವರ್ಷಗಳಿಂದ ಈ ಕೌಂಟಿಯನ್ನು ಬರಿದುಮಾಡುತ್ತ ಬಂದಿದೆ. 1900ರ ಜನಗಣತಿಯಲ್ಲಿ ಇಲ್ಲಿ ಹದಿನಾರು ಸಾವಿರಕ್ಕೂ ಮಿಕ್ಕಿದ ಜನರಿದ್ದರು. 2020ರಲ್ಲಿ ಉಳಿದವರು ಏಳೂವರೆ ಸಾವಿರ. ಭೂಮಿ ಒಂದು ಗೇಣೂ ಕಡಮೆಯಾಗಿಲ್ಲ, ಫಸಲು ಹಲವು ಪಟ್ಟು ಹೆಚ್ಚಿದೆ, ಸರಕಾರದ ಸಹಾಯಧನ ತೊಂಬತ್ತು ವರ್ಷಗಳಿಂದ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇದೆ. ರೈತನನ್ನು ಅವನ ನೆಲದ ಮೇಲೆ ನಿಲ್ಲಿಸುವುದಕ್ಕೆಂದು ಹೊರಟ ಆ ಹಣ ಇಷ್ಟು ಕಾಲ ಹರಿದ ಮೇಲೂ ರೈತನೇಕೆ ಇಲ್ಲವಾದನು ಎಂಬ ಪ್ರಶ್ನೆ ಆ ಚೌಕದ ಬೆಂಚಿನ ಮೇಲೆ ಕುಳಿತಾಗ ನನ್ನನ್ನು ಹಿಡಿದುಕೊಂಡಿತು.

ಆ ಹಣದ ಮೂಲವನ್ನು ಹುಡುಕಿ ಬಹುದೂರ ಹೋಗಬೇಕಾಗಿರಲಿಲ್ಲ. ಗ್ರೀನ್‌ಫೀಲ್ಡಿನಿಂದ ದಕ್ಷಿಣಕ್ಕೆ, ಓರಿಯೆಂಟ್ ಎಂಬ ಸಣ್ಣ ಊರಿನ ಸಮೀಪದ ಹೊಲಮನೆಯೊಂದರಲ್ಲಿ 1888ರಲ್ಲಿ ಹೆನ್ರಿ ಎ. ವ್ಯಾಲೇಸ್ ಜನಿಸಿದನು. ತಾತ ಕೃಷಿಪತ್ರಿಕೆಯ ಸಂಪಾದಕ. ತಂದೆ 1921ರಿಂದ ಮೂರು ವರ್ಷ ಅಮೆರಿಕದ ಕೃಷಿಮಂತ್ರಿ. ಮಗನೋ ಬಾಲ್ಯದಲ್ಲಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಎಂಬ ಮಹಾ ಸಸ್ಯವಿಜ್ಞಾನಿಯ ಬೆನ್ನುಹತ್ತಿ ಗಿಡಗಳ ಪರಿಚಯ ಮಾಡಿಕೊಂಡವನು, 1926ರಲ್ಲಿ ಮಿಶ್ರತಳಿಯ ಜೋಳದ ಬೀಜದ ಕಂಪೆನಿಯನ್ನು ಸ್ಥಾಪಿಸಿದವನು. ಪಯೋನಿಯರ್ ಎಂಬ ಹೆಸರಿನಲ್ಲಿ ಬೆಳೆದ ಆ ಕಂಪೆನಿಯ ಬೀಜದ ಚೀಲಗಳನ್ನು ದಾವಣಗೆರೆ, ರಾಣೆಬೆನ್ನೂರುಗಳ ಗೊಬ್ಬರದಂಗಡಿಗಳಲ್ಲಿ ನಾನು ಕಂಡಿದ್ದೆನು. 1933ರಲ್ಲಿ ರೂಸ್‌ವೆಲ್ಟ್ ಅಧ್ಯಕ್ಷನಾದಾಗ ವ್ಯಾಲೇಸನು ತಂದೆ ಕುಳಿತಿದ್ದ ಪೀಠದಲ್ಲಿಯೇ ಕುಳಿತನು.

ಅವನು ಅಧಿಕಾರಕ್ಕೆ ಬಂದ ಕಾಲದ ದುರವಸ್ಥೆಯನ್ನು ಇಂದಿನವರು ಊಹಿಸಿಕೊಳ್ಳುವುದೂ ಕಷ್ಟ. 1932ರ ಚಳಿಗಾಲದಲ್ಲಿ ಒಂದು ಬುಷೆಲ್ ಜೋಳಕ್ಕೆ, ಅಂದರೆ ಸುಮಾರು ಇಪ್ಪತ್ತೈದು ಕಿಲೋ ತೂಕಕ್ಕೆ, ಐಯೋವಾದಲ್ಲಿ ಹತ್ತು ಸೆಂಟು ಹುಟ್ಟುವುದೂ ದುಸ್ತರವಾಗಿತ್ತು. ಜೋಳವನ್ನು ಮಾರಿ ಕಲ್ಲಿದ್ದಲು ಕೊಳ್ಳುವುದಕ್ಕಿಂತ ಜೋಳವನ್ನೇ ಒಲೆಗೆ ಹಾಕುವುದು ಅಗ್ಗವೆಂದು ಜನ ಬೆಳೆದ ಬೆಳೆಯನ್ನು ಉರಿಸಿ ಮೈ ಕಾಯಿಸಿಕೊಂಡರು. ಸೂ ಸಿಟಿಯ ಹಾದಿಗಳಲ್ಲಿ ರೈತರು ಅಡ್ಡಗಟ್ಟಿ ನಿಂತು ಪೇಟೆಗೆ ಹೋಗುವ ಹಾಲನ್ನು ಚೆಲ್ಲಿದರು. 1933ರ ಏಪ್ರಿಲಿನಲ್ಲಿ ಲೆ ಮಾರ್ಸ್ ಪಟ್ಟಣದಲ್ಲಿ, ಸಾಲಕ್ಕಾಗಿ ಹೊಲಗಳನ್ನು ಹರಾಜು ಹಾಕುವ ಆಜ್ಞೆಗಳಿಗೆ ಇನ್ನು ಸಹಿ ಹಾಕುವುದಿಲ್ಲವೆಂದು ಮಾತುಕೊಡಲೊಪ್ಪದ ನ್ಯಾಯಾಧೀಶನನ್ನು ಪೀಠದಿಂದಲೇ ಎಳೆದೊಯ್ದು, ಕೊರಳಿಗೆ ಹಗ್ಗ ಬಿಗಿದು, ಪ್ರಾಣಾಂತಿಕವಾಗಿ ಹೆದರಿಸಿ ಬಿಟ್ಟರು. ಗವರ್ನರನು ಸೈನ್ಯಾಡಳಿತವನ್ನು ಘೋಷಿಸಬೇಕಾಯಿತು. ದೈವಭಕ್ತರೂ ಮಿತವ್ಯಯಿಗಳೂ ಸರಕಾರವೆಂದರೆ ಮಾರುದೂರ ನಿಲ್ಲುವವರೂ ಆದ ಜನ ಅವರು. ಅಂಥವರನ್ನು ಅಷ್ಟು ದೂರ ತಳ್ಳಿದ ಸಂಕಟ ಎಂತಹದಿದ್ದೀತು!

ಅದರ ಮರುತಿಂಗಳೇ ಕೃಷಿ ಹೊಂದಾಣಿಕೆಯ ಶಾಸನ ಬಂದಿತು. ಅದರ ತತ್ತ್ವ ಸರಳ: ಬೆಲೆ ಬಿದ್ದಿರುವುದು ಬೆಳೆ ಹೆಚ್ಚಿರುವುದರಿಂದ, ಕಡಮೆ ಬಿತ್ತುವವನಿಗೆ ಸರಕಾರ ಹಣ ಕೊಡಲಿ. ಆದರೆ ಶಾಸನ ಬರುವಷ್ಟರಲ್ಲಿ ಹತ್ತಿ ಮೊಳೆತಿತ್ತು, ಹಂದಿಗಳು ಮರಿ ಹಾಕಿದ್ದವು. ದಕ್ಷಿಣದಲ್ಲಿ ಸುಮಾರು ಒಂದು ಕೋಟಿ ಎಕರೆ ಹತ್ತಿಯನ್ನು ಉತ್ತು ಮಣ್ಣುಗೂಡಿಸಿದರು. ಈ ಜೋಳದ ಸೀಮೆಯಲ್ಲಿ ಅರವತ್ತು ಲಕ್ಷ ಹಂದಿಮರಿಗಳನ್ನು ಕೊಲ್ಲಿಸಿದರು. ಪಟ್ಟಣಗಳಲ್ಲಿ ಜನ ಗಂಜಿಯ ಸಾಲಿನಲ್ಲಿ ನಿಂತಿದ್ದ ಕಾಲದಲ್ಲಿ ನಡೆದ ಈ ವಿನಾಶವನ್ನು ದೇಶ ಕ್ಷಮಿಸಲಿಲ್ಲ. ಮಾಂಸದ ಒಂದು ಪಾಲನ್ನು ಬಡವರಿಗೆ ಹಂಚಿದರೂ ಅಪಕೀರ್ತಿ ನಿಂತಿತು. 1936ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಶಾಸನವನ್ನೇ ರದ್ದುಮಾಡಿತು. ಕೆಲವೇ ವಾರಗಳಲ್ಲಿ ಮಣ್ಣಿನ ಸಂರಕ್ಷಣೆಯ ಹೆಸರಿನಲ್ಲಿ ಅದೇ ಹಣ ಮರಳಿ ಹೊರಟಿತು. ಇದೊಂದು ಗಮನಾರ್ಹ ಸಂಗತಿ: ತೊಂಬತ್ತು ವರ್ಷಗಳಲ್ಲಿ ಕಾರಣಗಳು ಹತ್ತು ಬಾರಿ ಬದಲಾಗಿವೆ, ಪಾವತಿ ನಿಂತಿಲ್ಲ.

ವ್ಯಾಲೇಸನ ಮನಸ್ಸಿನಲ್ಲಿದ್ದ ಆದರ್ಶ ಬರಿಯ ನಾಶದ್ದಲ್ಲವೆಂಬುದನ್ನೂ ಹೇಳಬೇಕು. ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಓದಿದ ಚೆನ್ ಹುವಾನ್‌ಚಾಂಗ್ ಎಂಬ ಚೀನೀ ವಿದ್ವಾಂಸನು ಕನ್‌ಫ್ಯೂಷಿಯಸ್ ಪಂಥದ ಅರ್ಥನೀತಿಯನ್ನು ಕುರಿತು 1911ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವನು ಪ್ರಾಚೀನ ಚೀನದ ಸಮಸ್ಥಿತಿಯ ಕಣಜದ ವಿಚಾರವನ್ನು ಓದಿದ್ದನು: ಸುಭಿಕ್ಷದಲ್ಲಿ ಅರಸು ಕೊಳ್ಳಬೇಕು, ದುರ್ಭಿಕ್ಷದಲ್ಲಿ ಮಾರಬೇಕು. ನಮ್ಮ ಬಯಲುಸೀಮೆಯ ಹಗೇವುಗಳ ಹಿಂದಿದ್ದ ವಿವೇಕವೇ ಒಂದು ರಾಜ್ಯದ ಪ್ರಮಾಣಕ್ಕೆ ಬೆಳೆದಂತಿರುವ ಈ ಕಲ್ಪನೆಯನ್ನು ಅವನು ಐಯೋವಾದ ಜೋಳಕ್ಕೆ ಅನ್ವಯಿಸಿದನು. 1933ರ ಶರತ್ಕಾಲದಲ್ಲಿ ಮೊದಲಾದ ಆ ಏರ್ಪಾಟು ಹೀಗೆ: ರೈತನು ತನ್ನ ಅಂಗಳದ ಮರದ ತೊಟ್ಟಿಯಲ್ಲಿ ತೆನೆಯನ್ನು ತುಂಬುತ್ತಾನೆ, ಅಳತೆಗಾರನು ಬಂದು ಅಳೆದು ಮುದ್ರೆಯೊತ್ತುತ್ತಾನೆ, ಬುಷೆಲಿಗೆ 45 ಸೆಂಟಿನಂತೆ ಸಾಲ ದೊರೆಯುತ್ತದೆ. ಪೇಟೆಯ ಧಾರಣೆ ಅದಕ್ಕಿಂತ ಮೇಲೇರಿದರೆ ರೈತ ಮಾರಿ ಸಾಲ ತೀರಿಸುವನು. ಏರದಿದ್ದರೆ ಜೋಳವನ್ನು ಸರಕಾರಕ್ಕೆ ಬಿಟ್ಟು ಕೈ ತೊಳೆದುಕೊಳ್ಳುವನು, ಅವನ ಮೇಲೆ ಬಾಕಿಯಿಲ್ಲ.

ಹೀಗೆ ಬಿಟ್ಟುಕೊಟ್ಟ ಧಾನ್ಯವೇ ಯುದ್ಧಾನಂತರದ ವರ್ಷಗಳಲ್ಲಿ ರಾಶಿ ರಾಶಿಯಾಗಿ ಬೆಳೆಯಿತು. ಈ ಸೀಮೆಯ ಊರೂರಿನ ಅಂಚಿನಲ್ಲಿಯೂ ಸರಕಾರದ ಉರುಟಾದ ಉಕ್ಕಿನ ಕಣಜಗಳು ಸಾಲುಸಾಲಾಗಿ ಎದ್ದವು. ಇಟ್ಟುಕೊಳ್ಳಲಾರದ ಆ ಹೊರೆಯನ್ನು ಹೊರದೇಶಗಳಿಗೆ ಸಾಗಿಸಲೆಂದು 1954ರಲ್ಲಿ 480ನೆಯ ಸಾರ್ವಜನಿಕ ಶಾಸನವಾಯಿತು. ಪಿ. ಎಲ್. 480 ಎಂದರೆ ನನ್ನ ವಯಸ್ಸಿನ ಕನ್ನಡಿಗರಿಗೆ ವಿವರಣೆ ಬೇಕಾಗಿಲ್ಲ. ನ್ಯಾಯಬೆಲೆ ಅಂಗಡಿಯ ಕೆಂಪು ಗೋದಿ, ಮೈಲೋ ಜೋಳ, ಮತ್ತು ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ‘ಕೇರ್’ ಸಂಸ್ಥೆಯವರು ಮಾಡಿಸುತ್ತಿದ್ದ ಉಪ್ಪಿಟ್ಟು! ಎರಡು ಕೈಗಳು ಕುಲುಕುವ ಚಿತ್ರವಿದ್ದ ಆ ಮೂಟೆಗಳ ಹಳದಿ ಹಿಟ್ಟು ಜೋಳ, ಸೋಯಾ, ಹಾಲಿನ ಪುಡಿಗಳ ಮಿಶ್ರಣವೆಂಬುದು ಬಹುಕಾಲದ ಮೇಲೆ ನನಗೆ ತಿಳಿಯಿತು. ತಗಡಿನ ತಟ್ಟೆಯನ್ನು ಹಿಡಿದು ಸಾಲಿನಲ್ಲಿ ನಿಂತಿದ್ದ ನಮಗೆ ಅದರ ಒಂದು ಬಗೆಯ ಸಿಹಿವಾಸನೆ ಮಾತ್ರ ಗೊತ್ತು. 92ನೆಯ ರಸ್ತೆಯ ಎಡಕ್ಕೆ ಜೋಳ, ಬಲಕ್ಕೆ ಸೋಯಾ. ಅದನ್ನು ಬೆಳೆದವನಿಗೆ ಅವನ ಸರಕಾರ ಕೊಟ್ಟ ಬೆಂಬಲಬೆಲೆಯ ಶೇಷಭಾಗವೇ ಮೈಸೂರು ಸೀಮೆಯ ಹಳ್ಳಿಯ ಹುಡುಗನ ಮಧ್ಯಾಹ್ನದ ಊಟವಾಯಿತೆಂಬುದನ್ನು ನಾನು ಅಣ್ಣನ ಮೊಮ್ಮಕ್ಕಳಿಗೆ ಹೇಳಿದಾಗಲೆಲ್ಲ ಅವರು ನಂಬದವರಂತೆ ನೋಡುತ್ತಾರೆ. ಆ ಅನ್ನದ ಹಿಂದೆ ದಯೆಯಿತ್ತು, ರಾಜತಂತ್ರವಿತ್ತು, ಕಣಜ ಬರಿದುಮಾಡಿಕೊಳ್ಳುವ ಅವಸರವೂ ಇತ್ತು. ಹಸಿದವನು ಇವನ್ನು ವಿಂಗಡಿಸುತ್ತ ಕೂರಲಾರನು.

ನಾವು ನೋಡಹೋದ ಬೇಸಾಯಗಾರರಿಗೆ ಎಪ್ಪತ್ತರ ಸಮೀಪದ ವಯಸ್ಸು. ಎತ್ತರದ ಆಳು, ಮಾತು ಕಡಮೆ, ನಗು ಅದಕ್ಕೂ ಕಡಮೆ, ಆದರೆ ಎರಡರಲ್ಲಿಯೂ ಕಪಟವಿಲ್ಲ. ಕೊಯ್ಲಿನ ಕಾಲವಾದ್ದರಿಂದ ಕೈ ಕುಲುಕಿದ್ದೇ ತಡ, ಮನೆಯಷ್ಟು ದೊಡ್ಡದಾದ ಕಂಬೈನ್ ಯಂತ್ರದ ಗಾಜಿನ ಕೋಣೆಗೆ ನನ್ನನ್ನು ಹತ್ತಿಸಿಕೊಂಡು ತಮ್ಮ ಪಕ್ಕದ ಸಣ್ಣ ಪೀಠದಲ್ಲಿ ಕೂರಿಸಿದರು. ಒಣಗಿ ನಿಂತ ಜೋಳ ನಮ್ಮ ಮುಂದೆ ಬಾಗುತ್ತ, ಮುರಿಯುತ್ತ, ಒಳಗೆ ಹೋಗುತ್ತಿತ್ತು. ಬೆನ್ನ ಹಿಂದಿನ ಕಿಟಕಿಯಲ್ಲಿ ಹೊಂಬಣ್ಣದ ಕಾಳು ಧಾರೆಯಾಗಿ ತೊಟ್ಟಿಗೆ ಬೀಳುತ್ತಿತ್ತು. ಅವರ ಬಲಗೈಯ ಬಳಿಯ ಪರದೆಯ ಮೇಲೆ ಅಂಕಿಗಳು ಕ್ಷಣಕ್ಷಣಕ್ಕೂ ಕುಣಿಯುತ್ತಿದ್ದವು: 212, 198, ತಗ್ಗಿನ ಜೌಗಿನಲ್ಲಿ 140, ದಿಣ್ಣೆಯೇರಿದೊಡನೆ 221. ಎಕರೆಗೆ ಇಷ್ಟು ಬುಷೆಲ್ ಎಂಬ ಲೆಕ್ಕ. ಯಂತ್ರ ಹಾದುಹೋದ ಹಾದಿ ಪರದೆಯಲ್ಲಿ ಹಸುರು, ಹಳದಿ, ಕೆಂಪಾಗಿ ಬಣ್ಣ ತಳೆಯುತ್ತಿತ್ತು. “ಬೆಳೆ ಚೆನ್ನಾಗಿದೆ. ಅದೇ ತೊಂದರೆ” ಎಂದರು ಅವರು. ಎಲ್ಲರ ಬೆಳೆಯೂ ಚೆನ್ನಾಗಿತ್ತು; ಎರಡು ವರ್ಷದ ಹಿಂದೆ ಆರು ಡಾಲರನ್ನು ಮೀರಿದ್ದ ಬುಷೆಲಿನ ಬೆಲೆ ನಾಲ್ಕರ ಆಸುಪಾಸಿಗೆ ಇಳಿದಿತ್ತು; ಬೀಜ, ಗೊಬ್ಬರ, ಗೇಣಿ ಒಂದೂ ಇಳಿದಿರಲಿಲ್ಲ.

ಸಂಜೆ ಅವರ ಮನೆಯ ಅಡುಗೆಕೋಣೆಯ ಮೇಜಿನ ಮೇಲೆ, ಕಾಫಿಯ ಜೊತೆಗೆ, ಅವರು ಮತ್ತೊಂದು ಚಿತ್ರವನ್ನು ಹರಡಿದರು. ಅದು ಸರಕಾರದ ಕೃಷಿಸೇವಾ ಕಚೇರಿಯಿಂದ ಬಂದ ವೈಮಾನಿಕ ಛಾಯಾಚಿತ್ರ. ಅದೇ ಹೊಲ, ಆಕಾಶದಿಂದ ತೆಗೆದದ್ದು. ಬೇಲಿ ಬೇಲಿಗೂ ಗೆರೆ, ಒಂದೊಂದು ಹಿಸ್ಸೆಗೂ ನಂಬರು, ಎಕರೆಯ ಲೆಕ್ಕ ದಶಾಂಶದ ಎರಡು ಸ್ಥಾನದವರೆಗೆ. ಪ್ರತಿವರ್ಷ ಜುಲೈ 15ರೊಳಗೆ ಬೇಸಾಯಗಾರನು ಕಚೇರಿಗೆ ಹೋಗಿ, ಇಂತಿಂಥ ಹಿಸ್ಸೆಯಲ್ಲಿ ಇಂತಿಂಥ ಬೆಳೆ ಎಂದು ಬರೆಸಿ ಸಹಿ ಹಾಕಬೇಕು. ಪಹಣಿಯ ಕಾಲಂಗಳಲ್ಲಿ ಕಣ್ಣಾಡಿಸಿ ಅಭ್ಯಾಸವಿದ್ದ ನನಗೆ ಆ ಕಾಗದ ಅಪರಿಚಿತವೆನಿಸಲಿಲ್ಲ. ಆದರೆ ಹಣ ಪಾವತಿಯಾಗುವುದು ಆ ವರ್ಷ ಬಿತ್ತಿದ ಬೆಳೆಗಲ್ಲವೆಂದು ಕೇಳಿದಾಗ ನಾನು ಬೆರಗಾದೆನು. ಬಹುಪಾಲು ಹೊಲಗಳಿಗೆ ‘ಬೇಸ್’ ಎಂಬುದೊಂದುಂಟು: ಹಿಂದೊಂದು ಕಾಲದಲ್ಲಿ ಆ ನೆಲದಲ್ಲಿ ಇಷ್ಟೆಕರೆ ಜೋಳ, ಇಷ್ಟೆಕರೆ ಗೋದಿ ಬೆಳೆಯುತ್ತಿತ್ತೆಂಬ ದಾಖಲೆ. ನಡುನಡುವೆ, 2002ರ ಮತ್ತು 2014ರ ಶಾಸನಗಳ ಸಂದರ್ಭದಲ್ಲಿ, ಅದನ್ನು ತಿದ್ದಿಕೊಳ್ಳಲು ಅವಕಾಶ ಕೊಟ್ಟದ್ದುಂಟು; ತಿದ್ದಿಕೊಳ್ಳದವರದು ಹಾಗೆಯೇ ಉಳಿದಿದೆ. ಪಾವತಿ ಆ ದಾಖಲೆಯ ನೂರಕ್ಕೆ 85 ಪಾಲಿನ ಮೇಲೆ. ಇಂದು ಅಲ್ಲಿ ಸೋಯಾ ಇರಬಹುದು, ಹುಲ್ಲು ಇರಬಹುದು. ಜೋಳದ ಧಾರಣೆ ಬಿದ್ದರೆ ಜೋಳದ ಹಣ ಬರುತ್ತದೆ. “ಈ ಹೊಲ ಕಾಗದದ ಮೇಲೆ ಇನ್ನೂ ನಮ್ಮಪ್ಪನ ಕಾಲದಲ್ಲೇ ಇದೆ” ಎಂದು ಅವರು ಒಂದು ಹಿಸ್ಸೆಯ ಮೇಲೆ ಬೆರಳಿಟ್ಟರು.

ಹಣದ ಮೊತ್ತವನ್ನು ನಿರ್ಧರಿಸುವ ಬಗೆಗಳು ಮುಖ್ಯವಾಗಿ ಎರಡು. ಒಂದರಲ್ಲಿ ಶಾಸನವೇ ಬೆಳೆಗೊಂದು ಆಧಾರಬೆಲೆಯನ್ನು ಗೊತ್ತುಮಾಡಿ, ದೇಶದ ಸರಾಸರಿ ಧಾರಣೆ ಅದಕ್ಕಿಂತ ತಗ್ಗಿದಾಗ ವ್ಯತ್ಯಾಸವನ್ನು ತುಂಬಿಕೊಡುತ್ತದೆ. ಮತ್ತೊಂದರಲ್ಲಿ ಇಡೀ ಕೌಂಟಿಯ ಇಳುವರಿಯನ್ನು ಧಾರಣೆಯಿಂದ ಗುಣಿಸಿ, ಹಿಂದಿನ ಐದು ವರ್ಷಗಳಲ್ಲಿ ಅತ್ಯುತ್ತಮ ಮತ್ತು ಅತಿ ಕನಿಷ್ಠವನ್ನು ಬಿಟ್ಟು ಉಳಿದವುಗಳ ಸರಾಸರಿಯೊಡನೆ ತೂಗಿ, ಈ ವರ್ಷದ ಆದಾಯ ಅದಕ್ಕಿಂತ ಗೊತ್ತಾದ ಮಟ್ಟಕ್ಕೆ ಕುಸಿದಿದ್ದರೆ ಎಲ್ಲರಿಗೂ ಎಕರೆಗಿಷ್ಟೆಂದು ಕೊಡುತ್ತಾರೆ. ಎರಡನೆಯ ಬಗೆಯಲ್ಲಿ ಒಬ್ಬೊಬ್ಬನ ನಷ್ಟಕ್ಕೆ ಬೆಲೆಯಿಲ್ಲ. ಕೌಂಟಿಯೇ ಒಂದು ದೇಹ. ಆಲಿಕಲ್ಲಿನಿಂದ ಹೊಲ ನೆಲಕಚ್ಚಿದವನಿಗೆ, ಉಳಿದವರ ಬೆಳೆ ಚೆನ್ನಾಗಿದ್ದರೆ, ಈ ಬಾಬಿನಲ್ಲಿ ಏನೂ ಇಲ್ಲ, ಅದು ಬೆಳೆವಿಮೆಯ ಪಾಲಿನ ಕೆಲಸ. ಜಲ್ಲಿರಸ್ತೆಯ ಈಚೆಯವನಿಗೆ ಹಣ ಬಂದು, ಅದೇ ಮೋಡದ ಮಳೆಯನ್ನು ಹಂಚಿಕೊಂಡ ಆಚೆಯವನಿಗೆ, ಅವನ ಹೊಲ ಬೇರೆ ಕೌಂಟಿಗೆ ಸೇರಿದ್ದೆಂಬ ಒಂದೇ ಕಾರಣಕ್ಕೆ, ಬಿಡಿಗಾಸೂ ಬರದಿರಬಹುದು. ನೂರೈವತ್ತು ವರ್ಷದ ಹಿಂದೆ ಸರ್ವೆಯವನು ಸರಪಣಿ ಎಳೆದು ಹಾಕಿದ ಗೆರೆ ಇಂದೂ ಒಬ್ಬನ ಬ್ಯಾಂಕಿನ ಲೆಕ್ಕವನ್ನು ತುಂಬುತ್ತದೆ, ಇನ್ನೊಬ್ಬನದನ್ನು ಬರಿದಾಗಿಸುತ್ತದೆ.

ಆದರೂ ಆ ಕಚೇರಿಯ ವಿಷಯವಾಗಿ ನನ್ನ ಆತಿಥೇಯರಿಗೆ ಒಂದು ಬಗೆಯ ಆತ್ಮೀಯತೆಯಿದ್ದುದು ನಿಜ. ವಾಷಿಂಗ್ಟನ್ನಿನ ಹಣವನ್ನು ಹಳ್ಳಿಯಲ್ಲಿ ಹಂಚುವಾಗ ಹಳ್ಳಿಯವರ ಕಣ್ಣೆದುರಿಗೇ ಹಂಚಬೇಕೆಂಬ ವಿವೇಕದಿಂದ, 1930ರ ದಶಕದಲ್ಲಿಯೇ ಕೌಂಟಿಗೊಂದು ರೈತಸಮಿತಿಯ ಪದ್ಧತಿ ಬಂದಿದೆ. ಸದಸ್ಯರನ್ನು ರೈತರೇ ಆರಿಸುತ್ತಾರೆ. ಮತಪತ್ರ ನವೆಂಬರಿನಲ್ಲಿ ಅಂಚೆಯಲ್ಲಿ ಬರುತ್ತದೆ. ಅವಧಿ ಮೂರು ವರ್ಷ. ಅವರೂ ಒಮ್ಮೆ ಆ ಸಮಿತಿಯಲ್ಲಿದ್ದರಂತೆ. ನೆರೆಯವನ ತಪ್ಪು ಲೆಕ್ಕವನ್ನು ತೀರ್ಮಾನಿಸಿ, ಮರುದಿನ ಚರ್ಚಿನಲ್ಲಿ ಅವನ ಪಕ್ಕದಲ್ಲಿಯೇ ಕುಳಿತು ಪ್ರಾರ್ಥನೆ ಮಾಡುವುದು ಸುಲಭದ ಕೆಲಸವಲ್ಲವೆಂದರು. ಮೇಲಾಗಿ, 1995ರಿಂದೀಚಿನ ಪಾವತಿಗಳ ಪಟ್ಟಿ ಹೆಸರು ಸಹಿತ ಬಹಿರಂಗವಾಗಿದೆ. ಯಾರಿಗೆಷ್ಟು ಬಂದಿತೆಂದು ಯಾರು ಬೇಕಾದರೂ ನೋಡಬಹುದು. “ನೋಡ್ತಾರೆಯೆ?” ಎಂದು ನಾನು ಕೇಳಿದೆನು. “ಎಲ್ಲರೂ ನೋಡ್ತಾರೆ. ಯಾರೂ ಮಾತಾಡಲ್ಲ” ಎಂದರು ಮನೆಯಾಕೆ.

ಈ ಪಾವತಿ ಮುಗಿಯಬೇಕೆಂದು ಯಾರೂ ಯತ್ನಿಸಲಿಲ್ಲವೆಂದಲ್ಲ. 1996ರಲ್ಲಿ, ಧಾರಣೆ ಉಚ್ಛ್ರಾಯದಲ್ಲಿದ್ದ ಕಾಲ ನೋಡಿ, ಏಳು ವರ್ಷಗಳಲ್ಲಿ ಇಳಿಮುಖವಾಗುವ ಪಾವತಿಗಳನ್ನು ಕೊಟ್ಟು ರೈತನನ್ನು ಪೇಟೆಯ ಕೈಗೊಪ್ಪಿಸುವ ಶಾಸನ ಮಾಡಿದರು. ಎರಡೇ ವರ್ಷಗಳಲ್ಲಿ ಧಾರಣೆ ಮುರಿದುಬಿತ್ತು. ತುರ್ತುಪರಿಹಾರದ ಹೆಸರಿನಲ್ಲಿ ಮೊದಲಿಗಿಂತ ಹೆಚ್ಚು ಹಣ ಹೊರಟಿತು. 2002ರಲ್ಲಿ ಹಳೆಯದೆಲ್ಲ ಹೊಸ ಹೆಸರಿನಿಂದ ಶಾಶ್ವತವಾಯಿತು. ಚೀನದೊಡನೆ ಸುಂಕದ ಕಲಹವೆದ್ದ 2018ರಲ್ಲಿ ಸೋಯಾ ಬುಷೆಲಿಗೆ 1.65 ಡಾಲರು, ಜೋಳಕ್ಕೆ ಒಂದು ಸೆಂಟು ಎಂದು ಹಂಚಿದರು. ಆ ಒಂದು ಸೆಂಟಿನ ವಿಷಯ ಹೇಳುವಾಗ ಮಾತ್ರ ನನ್ನ ಆತಿಥೇಯರು ಬಾಯ್ತುಂಬ ನಕ್ಕರು. ಮಹಾಮಾರಿಯ 2020ರಲ್ಲಿ ದೇಶದ ಒಟ್ಟು ಪಾವತಿ ಸುಮಾರು 4,600 ಕೋಟಿ ಡಾಲರಿಗೆ ಮುಟ್ಟಿ ದಾಖಲೆಯಾಯಿತು. ನಾನು ಅವರನ್ನು ಕಂಡುಬಂದ ಕೆಲವೇ ವಾರಗಳಲ್ಲಿ, ಡಿಸೆಂಬರಿನಲ್ಲಿ, ಮತ್ತೆ 1,000 ಕೋಟಿ ಡಾಲರಿನ ಆರ್ಥಿಕ ನೆರವಿಗೆ ಮಂಜೂರಾತಿ ದೊರೆಯಿತು, ಜೋಳಕ್ಕೆ ಎಕರೆಗೆ 42.91 ಡಾಲರಿನಂತೆ. 2025ರ ಜುಲೈಯ ಶಾಸನವಂತೂ ಜೋಳದ ಆಧಾರಬೆಲೆಯನ್ನು 3.70 ಡಾಲರಿನಿಂದ 4.10ಕ್ಕೇರಿಸಿ, ಒಬ್ಬನಿಗೆ ಕೊಡಬಹುದಾದ ಹಣದ ಮಿತಿಯನ್ನು 1,25,000 ಡಾಲರಿನಿಂದ 1,55,000ಕ್ಕೆ ಹಿಗ್ಗಿಸಿ, ಮೂರು ಕೋಟಿ ಎಕರೆಯವರೆಗೆ ಹೊಸ ‘ಬೇಸ್’ ಸೇರಿಸಲು ದಾರಿಮಾಡಿತು.

ಹಾಗಾದರೆ ಇಷ್ಟು ಹಣ ಎಲ್ಲಿ ಹೋಗುತ್ತದೆ? ಮೇಜಿನ ಮೇಲಿದ್ದ ಆ ನಕಾಶೆಯಲ್ಲಿ ಉತ್ತರವಿತ್ತು. ನನ್ನ ಆತಿಥೇಯರು ಸಾಗುವಳಿ ಮಾಡುವ ನೆಲದಲ್ಲಿ ಸ್ವಂತದ್ದು ಸಣ್ಣ ಪಾಲು. ಉಳಿದದ್ದು ಗೇಣಿಯ ನೆಲ. ಒಂದು ತುಂಡು ಊರಿನಲ್ಲಿರುವ ವಿಧವೆಯದು, ಒಂದು ಬೇರೆ ಬೇರೆ ನಗರಗಳಲ್ಲಿರುವ ಅಣ್ಣತಂಗಿಯರದು, ಒಂದು ಯಾವುದೋ ಟ್ರಸ್ಟಿನದು. ಇದು ಅವರೊಬ್ಬರ ಕಥೆಯಲ್ಲ. ಐಯೋವಾದ ಬೇಸಾಯದ ಭೂಮಿಯಲ್ಲಿ ಅರ್ಧಕ್ಕಿಂತ ಹೆಚ್ಚು ಗೇಣಿಗೆ ಕೊಟ್ಟದ್ದು, ಮೂರರಲ್ಲಿ ಎರಡು ಪಾಲು 65 ವರ್ಷ ದಾಟಿದವರ ಒಡೆತನದಲ್ಲಿರುವುದು. ಹಣದ ಗೇಣಿಯಾದರೆ ಪಾವತಿ ಉಳುವವನ ಹೆಸರಿಗೇ ಬರುತ್ತದೆ, ಅದು ನಿಯಮ. ಆದರೆ ಐಯೋವಾದ ಪದ್ಧತಿಯಂತೆ ಗೇಣಿ ಮಾರ್ಚ್ 1ಕ್ಕೆ ಹೊಸದಾಗುತ್ತದೆ, ಬಿಡಿಸುವ ನೋಟೀಸನ್ನು ಸೆಪ್ಟೆಂಬರ್ 1ರೊಳಗೆ ಕೊಡಬೇಕು. ಆ ಎರಡು ತಾರೀಖುಗಳ ನಡುವೆ ಉಳುವವನಿಗೆ ಎಷ್ಟು ಬಂದಿತೆಂಬುದನ್ನು ಎಲ್ಲರೂ ಬಲ್ಲರು, ಅವನಿಗಿಂತ ಹತ್ತು ಡಾಲರು ಹೆಚ್ಚು ಕೊಡಲು ಸಿದ್ಧನಾದ ನೆರೆಯವನೂ ಬಲ್ಲನು. ಹೀಗೆ ಗೇಣಿ ಎಕರೆಗೆ 250 ಡಾಲರನ್ನು ದಾಟಿತು. ಗೇಣಿ ಏರಿದಂತೆ ನೆಲದ ಬೆಲೆಯೂ ಏರಿತು. 2023ರಲ್ಲಿ ಸಂಸ್ಥಾನದ ಸರಾಸರಿ ಎಕರೆಗೆ 11,835 ಡಾಲರು. ಧಾರಣೆ ಬಿದ್ದರೂ ಸರಕಾರವಿದೆಯೆಂಬ ಧೈರ್ಯವೇ ಆ ಬೆಲೆಯ ಒಂದು ಅಂಶ. ಎಕರೆಯನ್ನೇ ಅಳತೆಗೋಲಾಗಿಟ್ಟುಕೊಂಡು ಹಂಚಿದ ಹಣ ಎಕರೆ ಹೆಚ್ಚಿರುವವನಿಗೆ ಹೆಚ್ಚು ಸಂದು, ಅವನು ಪಕ್ಕದ 160 ಎಕರೆಯನ್ನೂ ಹರಾಜಿನಲ್ಲಿ ಕೂಗಿಕೊಂಡು, ಆ ಮನೆಯನ್ನು ಕೆಡವಿ ಜೋಳ ಬಿತ್ತುವುದು ಅನಂತರದ ಸಹಜ ಕಾರ್ಯ. ರೈತನಿಗೆಂದು ಕಳುಹಿಸಿದ ಧನ ಅವನ ಕೈಯನ್ನು ಸೋಂಕಿ ನೆಲದೊಳಗೆ ಇಂಗಿತು. ನೆಲ ದುಬಾರಿಯಾಯಿತು, ರೈತ ಕಡಮೆಯಾದನು.

ಇದರ ಅರ್ಥ ಆ ಹಣ ವ್ಯರ್ಥವೆಂದೋ ಪಡೆಯುವವನು ಲೋಭಿಯೆಂದೋ ಅಲ್ಲ. 1980ರ ದಶಕದಲ್ಲಿ ಬಡ್ಡಿ ಏರಿ, ನೆಲದ ಬೆಲೆ ಕುಸಿದು, ಸಂಸಾರಗಳು ಬೀದಿಪಾಲಾದಾಗ, ಐಯೋವಾದ ನ್ಯಾಯಾಲಯಗಳ ಮುಂದಿನ ಹುಲ್ಲಿನಂಗಳದಲ್ಲಿ ಹೋದ ಒಂದೊಂದು ಹೊಲಕ್ಕೂ ಒಂದೊಂದು ಬಿಳಿಯ ಶಿಲುಬೆಯನ್ನು ನೆಟ್ಟು ಜನ ಶೋಕಿಸಿದರು. ಅದನ್ನು ಕಂಡವರು ಈ ಪಾವತಿಯನ್ನು ಹಗುರವಾಗಿ ಆಡಿಕೊಳ್ಳುವುದಿಲ್ಲ. ನನ್ನ ಆತಿಥೇಯರ ಮನೆಯಾಕೆ ಮೂವತ್ತು ವರ್ಷ ಶಾಲೆಯ ಕಚೇರಿಯಲ್ಲಿ ದುಡಿದದ್ದು ಸಂಬಳಕ್ಕಿಂತ ಹೆಚ್ಚಾಗಿ ಆರೋಗ್ಯವಿಮೆಗಾಗಿ. ಎರಡು ಸಾವಿರ ಎಕರೆ ಉಳುವ ಗಂಡನ ಸಂಪಾದನೆಯಲ್ಲಿ ಅದಕ್ಕೆ ಭರವಸೆಯಿರಲಿಲ್ಲ. ಸಹಾಯಧನದ ಮಾತು ಬಂದಾಗ ಅವರ ದನಿಯಲ್ಲಿ ಕೃತಜ್ಞತೆಗಿಂತ ಮುಜುಗರವೇ ಹೆಚ್ಚಾಗಿತ್ತು: ದುಡಿದು ತಿನ್ನಬೇಕೆಂದು ಬಯಸುವವನಿಗೆ, ದುಡಿದದ್ದರ ಬೆಲೆ ಸಾಲದೆಂದು ವರ್ಷ ವರ್ಷವೂ ಅಂಚೆಯಲ್ಲಿ ಬರುವ ಜ್ಞಾಪನಪತ್ರ ಅದು.

ಮರಳುವಾಗ ಉತ್ತರದ ಹೆದ್ದಾರಿಯನ್ನು ಹಿಡಿದೆವು. ಅಡೇರ್ ಪಟ್ಟಣದ ಬಳಿಯ ವಿಶ್ರಾಂತಿಸ್ಥಾನದಲ್ಲಿ ಒಂದು ಶಿಲ್ಪವಿದೆ. 1850ರಿಂದ 2000ದವರೆಗೆ ಈ ಸೀಮೆಯ ಕರಿಯ ಮೇಲ್ಮಣ್ಣು ಎಷ್ಟೆಷ್ಟು ಸವೆಯಿತೆಂಬುದನ್ನು ಕಂಬಗಳ ಮೇಲೆ ಗುರುತುಮಾಡಿ ತೋರಿಸಿದ್ದಾರೆ. ಮೊದಲನೆಯದರಲ್ಲಿ ದಪ್ಪಗಿದ್ದ ಕಪ್ಪು ಪಟ್ಟಿ ಕೊನೆಯದರಲ್ಲಿ ಅದರ ಅರ್ಧಕ್ಕೂ ಕಡಮೆ. 1985ರಿಂದ ಸರಕಾರ ಇಳಿಜಾರಿನ ನೆಲವನ್ನು ಹತ್ತು ಹದಿನೈದು ವರ್ಷಗಳ ಕರಾರಿನ ಮೇಲೆ ತಾನೇ ಗೇಣಿಗೆ ಹಿಡಿದು ಹುಲ್ಲು ಬೆಳೆಸುತ್ತಿದೆ; ಧಾರಣೆ ಏರಿದ ವರ್ಷಗಳಲ್ಲಿ ಕರಾರು ಮುಗಿದ ಹುಲ್ಲುಗಾವಲು ಮರಳಿ ನೇಗಿಲಿನ ಪಾಲಾಗುತ್ತದೆ. ಒಂದು ಕೈಯಿಂದ ಬಿತ್ತೆಂದೂ ಇನ್ನೊಂದು ಕೈಯಿಂದ ಬಿತ್ತಬೇಡವೆಂದೂ ಹೇಳುವ ಈ ವೈಚಿತ್ರ್ಯ ವ್ಯಾಲೇಸನ ಕಾಲದಿಂದ ಬಂದದ್ದೇ.

ಬೀಳ್ಕೊಳ್ಳುವ ಮುನ್ನ ನಾನು ಆ ಹಿರಿಯರನ್ನು ನೇರವಾಗಿಯೇ ಕೇಳಿದ್ದೆನು: ಈ ಹಣ ಪೂರ್ತಿ ನಿಂತುಹೋದರೆ ಏನಾದೀತು? ಅವರು ಬಹುಹೊತ್ತು ಯೋಚಿಸಿ ಹೇಳಿದರು: “ಗೇಣಿ ಇಳಿಯುತ್ತೆ. ಭೂಮಿ ಬೆಲೆ ಬೀಳುತ್ತೆ. ಯಾರೋ ಒಬ್ಬ ಹುಡುಗ ನೂರೋ ಇನ್ನೂರೋ ಎಕರೆ ಕೊಂಡು ಹೊಸದಾಗಿ ಶುರು ಮಾಡಬಹುದು. ಆದರೆ ಅದಕ್ಕೆ ಮೊದಲು ನಾನು ಮುಳುಗ್ತೀನಿ, ಬ್ಯಾಂಕು ಮುಳುಗುತ್ತೆ, ಊರಲ್ಲಿ ಉಳಿದಿರೋ ಶಾಲೆ ಮುಚ್ಚುತ್ತೆ.” ಅರ್ಥಶಾಸ್ತ್ರಜ್ಞರ ಎಷ್ಟೋ ಗ್ರಂಥಗಳಲ್ಲಿ ಸಿಗದ ಸ್ಪಷ್ಟತೆ ಈ ಮಾತಿನಲ್ಲಿದೆಯೆಂದು ನನಗೆ ತೋರುತ್ತದೆ. ಸಹಾಯಧನವನ್ನು ನಿಲ್ಲಿಸುವುದರಿಂದ ಲಾಭ ಪಡೆಯಬಹುದಾದ ಹುಡುಗ ಈಗ ಆ ಕೌಂಟಿಯಲ್ಲಿಲ್ಲ. ಅವನಿಗೆ ಹೊಲವಿಲ್ಲ, ಆದ್ದರಿಂದ ‘ಬೇಸ್’ ಇಲ್ಲ, ಸಮಿತಿಯ ಚುನಾವಣೆಯಲ್ಲಿ ಮತವೂ ಇಲ್ಲ. ನಷ್ಟ ಹೊಂದುವವರು ಇಂದು ಇದ್ದಾರೆ, ಸಾಲ ಮಾಡಿದ್ದಾರೆ, ಪ್ರಾಮಾಣಿಕರಾಗಿದ್ದಾರೆ, ಮತ ಹಾಕುತ್ತಾರೆ. ಅದಕ್ಕಾಗಿಯೇ ಪ್ರತಿ ಐದಾರು ವರ್ಷಕ್ಕೊಮ್ಮೆ ಹೊಸ ಶಾಸನ ಬರುತ್ತದೆ, ಹೊಸ ಹೆಸರು ಬರುತ್ತದೆ, ಹಣ ಹಳೆಯ ಕಾಲುವೆಯಲ್ಲಿಯೇ ಹರಿಯುತ್ತದೆ. ನೆರವನ್ನು ಎಕರೆಗೆ ಕೊಡದೆ ಮನುಷ್ಯನಿಗೆ ಕೊಡುವ, ಹೊಸದಾಗಿ ನೇಗಿಲು ಹಿಡಿಯುವವನನ್ನೂ ಲೆಕ್ಕಕ್ಕೆ ತಂದುಕೊಳ್ಳುವ ಬಗೆಯೊಂದನ್ನು 1933ರಲ್ಲಿಯೇ ಕಂಡುಕೊಂಡಿದ್ದರೆ, ಆ 160 ಎಕರೆಯ ಚೌಕಗಳಲ್ಲಿ ಇನ್ನೂ ಹಲವು ಮನೆಗಳು ಉಳಿಯುತ್ತಿದ್ದುವೋ ಏನೋ; ಈಗ ಅದನ್ನು ಮಾಡಹೊರಡುವ ಸರಕಾರ ಮೊದಲು ನನ್ನ ಆತಿಥೇಯರಂತಹವರ ಸಾಲವನ್ನು ಏನು ಮಾಡುವುದೆಂಬ ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ, ಮತ್ತು ಆ ಉತ್ತರಕ್ಕೆ ತಗಲುವ ವೆಚ್ಚ ಇಂದಿನ ಸಹಾಯಧನಕ್ಕಿಂತ ಕಡಮೆಯಾಗಿರಲಾರದು.